ಮೆಚ್ಚುಗೆ ಸಿಗುತ್ತಿದೆ, ಸಮಾಧಾನ ಸಿಗುತ್ತಿಲ್ಲ

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಬಹಳ ವರ್ಷಗಳಿಂದ ಭಾವಗೀತೆ ಬರೆಯುತ್ತಿದ್ದೇನೆ. ಒಂದು ಸಂಕಲನ ಬಂದಿದೆ, ಕೆಲವು ಗೀತೆಗಳನ್ನು ಹಾಡುತ್ತಾರೆ ಕೂಡ. ಈಚೆಗೆ ಬರೆದದ್ದೆಲ್ಲ ನನ್ನದೇ ನಕಲಿನಂತೆ ಕಾಣುತ್ತಿದೆ. ಛಂದಸ್ಸನ್ನೇ ಬಿಟ್ಟುಬಿಡಲೇ? ಇರುವ ಓದುಗರೂ ದೂರವಾದರೆ ಎಂಬ ಭಯವಿದೆ. ಮೊನ್ನೆ ಬರೆದ ಸಾಲುಗಳಿವು: ‘ಮಳೆ ಬಂದ ಸಂಜೆಯಲಿ ನೆನಪುಗಳ ಹೊಳೆ ಹರಿದು / ಎದೆಯಂಗಳದ ತುಂಬ ನಿನ್ನದೇ ಹೆಜ್ಜೆ’. ಮುಂದೆ ‘ಹಗ್ಗದ ಮೇಲೆ ಅಮ್ಮನ ಸೀರೆ ಇನ್ನೂ ಒದ್ದೆ’ ಎಂದು ಬಂದಿತ್ತು. ಲಯಕ್ಕೆ ಕೂಡಲಿಲ್ಲವೆಂದು ಹೊಡೆದುಹಾಕಿದೆ.

ಉತ್ತರ: ಈ ಚಡಪಡಿಕೆಯನ್ನು ದಯವಿಟ್ಟು ಬೇಗ ಶಮನ ಮಾಡಿಕೊಳ್ಳಬೇಡಿ. ಅದು ಎಲ್ಲಿಂದ ಏಳುತ್ತಿದೆ ಎಂಬುದು ನೀವು ಕಳಿಸಿದ ಸಾಲುಗಳಲ್ಲೇ ಇದೆ.

ಮಳೆಬಂದ, ಸಂಜೆಯಲಿ, ನೆನಪುಗಳ, ಹೊಳೆಹರಿದು: ಐದೈದು ಮಾತ್ರೆಯ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ಗಣಗಳು, ಎಂದರೆ ಗುಂಪುಗಳು, ಎಲ್ಲಿಯೂ ಎಡವಿಲ್ಲ. ಕಿವಿ ಕೂಡಲೇ ಒಪ್ಪಿಬಿಡುತ್ತದೆ. ಹಾಗೆ ಒಪ್ಪಿದ್ದರಿಂದಲೇ, ಹೊಳೆ ಹರಿದ ಅಂಗಳದಲ್ಲಿ ಹೆಜ್ಜೆಗುರುತು ಉಳಿದದ್ದು ಹೇಗೆಂದು ನೀವು ಕೇಳಿಕೊಳ್ಳಲಿಲ್ಲ. ನೆನಪುಗಳ ಹೊಳೆಯಾಗಲಿ ಎದೆಯಂಗಳವಾಗಲಿ ನೀವು ಕಂಡದ್ದಲ್ಲ, ಗಣ ತುಂಬಲು ಒದಗಿಬಂದವು. ಕಂಡದ್ದು ಆ ಒದ್ದೆ ಸೀರೆ. ಪ್ರೇಮದ ಪದ್ಯದೊಳಗೆ ಅಮ್ಮ ಯಾಕೆ ಬಂದರು? ನಿಮಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಬೆನ್ನುಹತ್ತಲು ಹೆದರಿ ಲಯದ ನೆಪ ಹೇಳಿದಿರಿ. ಆ ಸಾಲನ್ನು ಎಣಿಸಿ ನೋಡಿ: ನಾಲ್ಕು-ಮೂರು, ನಾಲ್ಕು-ಮೂರು, ನಾಲ್ಕು-ಮೂರು. ಅದು ತನ್ನದೇ ಲಯ ಹೊತ್ತು ಬಂದಿತ್ತು!

ಹಾಗಾಗಿ ಛಂದಸ್ಸು ಬಿಡುವುದೇ ಸಾಹಸ ಎಂದು ನಾನು ಹೇಳಲಾರೆ. 1911ರಲ್ಲಿ ಮಂಜೇಶ್ವರ ಗೋವಿಂದ ಪೈಗಳು ದ್ವಿತೀಯಾಕ್ಷರ ಪ್ರಾಸವನ್ನು, ಎಂದರೆ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಇರಬೇಕೆಂಬ ಕಟ್ಟನ್ನು, ಕೈಬಿಟ್ಟದ್ದು ಸಾಹಸ, ಏಕೆಂದರೆ ಶತಮಾನಗಳಿಂದ ಪ್ರಾಸವಿಲ್ಲದ ಪದ್ಯ ಪದ್ಯವೇ ಅಲ್ಲ ಎಂಬಂತಿತ್ತು. ಇಂದು ಛಂದಸ್ಸಿಲ್ಲದೆ ಬರೆಯುವುದೇ ರೂಢಿ. ಗೋಪಾಲಕೃಷ್ಣ ಅಡಿಗರ ‘ಭಾವತರಂಗ’ (1946) ಮತ್ತು ‘ಚಂಡೆ ಮದ್ದಳೆ’ (1954) ಎರಡನ್ನೂ ಒಂದೇ ದಿನ ಗಟ್ಟಿಯಾಗಿ ಓದಿ. ಎರಡನೆಯದರಲ್ಲಿ ಸಾಲುಗಳು ಉದ್ದ ಗಿಡ್ಡವಾಗಿವೆ, ಆಡುಮಾತಿನ ಒರಟು ಒಳಗೆ ಬಂದಿದೆ, ಆದರೂ ಮಾತ್ರೆಯ ನಡೆ ಕಿವಿಗೆ ಬೀಳುತ್ತಲೇ ಇರುತ್ತದೆ. ಹಳೆಯ ಲಯ ಹೊರಲಾರದ ವಿಷಯ ಎದುರಾದಲ್ಲಿ ಅಡಿಗರು ಅದನ್ನು ಮುರಿದಿದ್ದಾರೆ.

ಓದುಗರ ಭಯ ಸುಳ್ಳಲ್ಲ. 1942ರ ‘ಮೈಸೂರು ಮಲ್ಲಿಗೆ’ಯ ನಂತರ ಕೆ.ಎಸ್. ನರಸಿಂಹಸ್ವಾಮಿಯವರು ‘ಶಿಲಾಲತೆ’ಯಂಥ ಬಿಗಿಯಾದ, ಹಾಡಿಗೆ ಸುಲಭವಾಗಿ ಒಗ್ಗದ ಕವಿತೆಗಳಿಗೆ ಹೊರಳಿದರು. ಹೆಚ್ಚಿನವರು ಇಂದಿಗೂ ಅವರನ್ನು ನೆನೆಯುವುದು ಮಲ್ಲಿಗೆಯಿಂದಲೇ. ಆದರೆ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದದ್ದು ಆಮೇಲಿನ ‘ತೆರೆದ ಬಾಗಿಲು’. ನಿಮ್ಮ ಕೆಲವು ಓದುಗರು ಹೋಗುತ್ತಾರೆ, ಹೋಗಲಿ.

ಈಗ ಮೊದಲೆರಡು ಸಾಲು ಬಿಟ್ಟು ಸೀರೆಯ ಸಾಲಿನಿಂದ ಶುರುಮಾಡಿ. ನಾಲ್ಕು-ಮೂರರ ನಡೆ ಎಲ್ಲಿಯವರೆಗೆ ಬರುತ್ತದೋ ಬರಲಿ, ತಪ್ಪಿದರೆ ತಿದ್ದಲು ಹೋಗಬೇಡಿ. ಅಮ್ಮ ಬಂದದ್ದೇಕೆಂದು ಪದ್ಯ ಹೇಳುವವರೆಗೆ ಅದನ್ನು ಹಾಡುವವರ ಕೈಗೆ ಕೊಡಬೇಡಿ.