‘ಸಿಗಲಿಲ್ಲ’ ಅಂದರೆ ‘ಇಲ್ಲ’ ಅಂತಲ್ಲ

ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಟೆಸ್ಟ್‌ನಲ್ಲಿ ಎರಡು ವರ್ಷದಿಂದ ‘ಟಿಎನ್‌ಡಿ’, ಅಂದರೆ ‘ಸಿಗಲಿಲ್ಲ’ ಅಂತ ಬರುತ್ತಿದೆ, ಎಚ್‌ಐವಿ ಹೋಗಿದೆ ಅಲ್ವಾ, ಮಾತ್ರೆ ಬಿಟ್ಟು ನೋಡಲಾ ಅಂತ ಕೇಳಿದ್ದೀರಿ. ನಾನು ಬಿಟ್ಟು ನೋಡಿದವನು.

2013ರಿಂದ ಮಾತ್ರೆ ನುಂಗುತ್ತಿದ್ದೆ. ಆಗಿನ ಮಾತ್ರೆಯಲ್ಲಿ ಮೂರು ಔಷಧ, ಅದರಲ್ಲಿ ಒಂದು ಎಫಾವಿರೆಂಜ್. ರಾತ್ರಿ ತಗೊಂಡರೆ ತಲೆ ಗಿರ್ರನೆ ತಿರುಗುತ್ತಿತ್ತು, ಮೇಲೆ ಚಿತ್ರವಿಚಿತ್ರ ಕನಸು. 2019ರಲ್ಲಿ ತಂಗಿ ಮದುವೆ. ಮನೆ ತುಂಬ ನೆಂಟರು. ಬಾಟಲಿ ಗಲಗಲ ಅನ್ನದಿರಲಿ ಅಂತ ಹತ್ತಿ ತುರುಕಿ ಬೀರುವಿನಲ್ಲಿ ಬಚ್ಚಿಟ್ಟಿದ್ದೆ. ಒಂದು ದಿನ ತಪ್ಪಿತು, ಇನ್ನೊಂದು ದಿನ ತಪ್ಪಿತು. ರಿಪೋರ್ಟ್‌ನಲ್ಲಿ ಹೇಗೂ ಏನೂ ಇಲ್ಲವಲ್ಲ ಅಂತ ಬಿಟ್ಟೇಬಿಟ್ಟೆ. ಕನಸು ನಿಂತವು, ಒಳ್ಳೆ ನಿದ್ದೆ ಬಂತು. ಅದನ್ನೇ ಗುಣವಾದ ಲಕ್ಷಣ ಅಂದುಕೊಂಡೆ!

‘ಸಿಗಲಿಲ್ಲ’ ಅನ್ನುವುದನ್ನು ‘ಇಲ್ಲ’ ಅಂತ ಓದಿದೆ, ನನ್ನ ತಪ್ಪು ಅಷ್ಟೇ. ಆ ಟೆಸ್ಟ್ ಎಣಿಸುವುದು ರಕ್ತದಲ್ಲಿ ತೇಲುವ ವೈರಸ್ಸನ್ನು ಮಾತ್ರ. ಆದರೆ ರೋಗದ ವಿರುದ್ಧ ಹೋರಾಡುವ ಸಿಡಿ4 ಅನ್ನುವ ಕಣಗಳಲ್ಲಿ ಕೆಲವು ವರ್ಷಗಟ್ಟಲೆ ನಿದ್ದೆಯಲ್ಲಿರುತ್ತವೆ. ಜಾಸ್ತಿ ಇರುವುದು ಕರುಳಿನಲ್ಲಿ, ಕಂಕುಳು-ಕತ್ತಿನ ಗ್ರಂಥಿಗಳಂಥ ಕಡೆ. ವೈರಸ್ ಆ ಕಣದ ಡಿಎನ್‌ಎಯೊಳಗೇ ಸೇರಿಕೊಂಡು ಸುಮ್ನೆ ಕೂತಿರುತ್ತದೆ. ಮಾತ್ರೆ ತಡೆಯುವುದು ಹೊಸ ಕಣಕ್ಕೆ ಹರಡುವುದನ್ನು. ಕೂತಿದ್ದನ್ನು ಮುಟ್ಟುವುದಿಲ್ಲ. ಹೊಲದಲ್ಲಿ ಜೇಕು ಕಿತ್ತ ಹಾಗೆ: ಮೇಲೆ ಒಂದೆಳೆ ಕಾಣದು, ಗಡ್ಡೆ ಮಣ್ಣಲ್ಲೇ ಇರುತ್ತದೆ. ಕಣ ಎದ್ದಿತೋ, ವೈರಸ್ಸೂ ಏಳುತ್ತದೆ. ದಿನಾ ಮಾತ್ರೆ ನುಂಗಿದರೂ ಈ ಗಡ್ಡೆ ಪೂರ್ತಿ ಸವೆಯಲು 70 ವರ್ಷಕ್ಕೂ ಜಾಸ್ತಿ ಬೇಕು ಅಂತ ವಿಜ್ಞಾನಿಗಳ ಅಂದಾಜು.

ಅಮೆರಿಕದ ಮಿಸಿಸಿಪ್ಪಿಯಲ್ಲಿ 2010ರಲ್ಲಿ ಹುಟ್ಟಿದ ಮಗುವಿಗೆ ಸುಮಾರು 30 ಗಂಟೆಗೇ ಔಷಧ ಶುರು ಮಾಡಿದ್ದರು. ಆಮೇಲೆ ಔಷಧ ನಿಂತು ಎರಡು ವರ್ಷ ದಾಟಿದರೂ ವೈರಸ್ ಕಾಣಲಿಲ್ಲ. ವಾಸಿಯಾಯಿತು ಅಂತ ಎಲ್ಲ ಕಡೆ ಸುದ್ದಿಯಾಗಿತ್ತು. 2014ರಲ್ಲಿ ವಾಪಸ್ ಬಂತು.

ನನಗೆ ಅಷ್ಟು ದಿನವೂ ಹಿಡಿಯಲಿಲ್ಲ. ದಸರಾ ಹೊತ್ತಿಗೆ ಸೊಂಟಕ್ಕೆ ಸರ್ಪಸುತ್ತು. 580 ಇದ್ದ ಸಿಡಿ4 ಕಣಗಳ ಎಣಿಕೆ 210ಕ್ಕೆ ಇಳಿದಿತ್ತು. ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಸೆಂಟರ್‌ನ ಮೇಡಂ ಬೈಯಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಮಾತ್ರೆ ಬಿಟ್ಟ ಮೇಲೆ ಎಫಾವಿರೆಂಜ್ ಮಿಕ್ಕೆರಡು ಔಷಧಕ್ಕಿಂತ ಜಾಸ್ತಿ ದಿನ ರಕ್ತದಲ್ಲಿ ಉಳಿಯುತ್ತದೆ. ಒಂದೇ ಔಷಧ ಎದುರಿಗಿದ್ದರೆ ವೈರಸ್ ಅದಕ್ಕೆ ಬಗ್ಗದಿರುವುದನ್ನು ಕಲಿಯುತ್ತದೆ. ನನ್ನ ಪುಣ್ಯ, ಅದೇ ಮಾತ್ರೆ ಮತ್ತೆ ಹಿಡಿಯಿತು.

‘ಬಿಡಲಾ’ ಅನ್ನುವ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ಯಾಕೆ ಬಿಡಬೇಕು ಅನ್ನಿಸುತ್ತಿದೆ? ಕನಸಾ, ನೆಂಟರಾ, ಸೆಂಟರ್‌ಗೆ ಹೋಗಿಬರುವ ಬಸ್ಸಾ? ಅದನ್ನು ಬಾಯಿಬಿಟ್ಟು ಕೌನ್ಸೆಲರ್ ಹತ್ತಿರ ಹೇಳಿ. ನನಗೆ 2021ರಲ್ಲಿ ಎಫಾವಿರೆಂಜ್ ಬದಲು ಡೊಲುಟೆಗ್ರಾವಿರ್ ಅನ್ನುವ ಔಷಧ ಇರುವ ಮಾತ್ರೆಗೆ ಬದಲಿಸಿಕೊಟ್ಟರು. ಆ ಕನಸುಗಳು ಅಲ್ಲಿಗೇ ನಿಂತವು.