ಸೋಲಾರ್ ಒಳ್ಳೆಯದು ಅನ್ನುವವರೇ ಹಾಕಿಸಿಕೊಳ್ಳಲು ಯಾಕೆ ಹಿಂದೆಮುಂದೆ ನೋಡುತ್ತಾರೆ?

ಸೋಲಾರ್ ಒಳ್ಳೆಯದು ಅಂತ ಎಲ್ಲರೂ ಒಪ್ಪುತ್ತಾರೆ, ಆದರೂ ಮನೆಗೆ ಹಾಕಿಸಿ ಅಂದರೆ ಯಾಕೆ ಹಿಂಜರಿಯುತ್ತಾರೆ ಅಂತ ಕೇಳಿದ್ದೀರಿ. ನಮ್ಮ ತಾರಸಿಯ ಮೇಲೆ ಬಿಸಿಲಿನಿಂದ ಕರೆಂಟ್ ಮಾಡುವ ಪ್ಯಾನೆಲ್ ಕೂತು ಆರು ವರ್ಷವಾಯಿತು. ಅವನ್ನು ನೋಡಲು ತುಂಬ ಜನ ಬಂದಿದ್ದಾರೆ. ಅವರ ಮಾತು ಕೇಳಿ ಕೇಳಿ ನನಗೆ ಅನಿಸಿದ್ದನ್ನು ಹೇಳುತ್ತೇನೆ.

ಬಂದವರು ಮೊದಲು ಖರ್ಚಿನ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಆದರೆ ಜಾಸ್ತಿ ಜನ ಕೇಳಿದ್ದು "ಕೆಟ್ಟರೆ ಯಾರು ಬಂದು ನೋಡುತ್ತಾರೆ?" ಅಂತ. ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಪ್ಯಾನೆಲ್‌ಗೆ ಸಾಮಾನ್ಯವಾಗಿ 25 ವರ್ಷದ ಭರವಸೆ ಕೊಡುತ್ತಾರೆ. ಅದರ ಶಕ್ತಿ ವರ್ಷಕ್ಕೆ ಹೆಚ್ಚುಕಡಿಮೆ ಅರ್ಧ ಶೇಕಡಾ ಅಷ್ಟೇ ಕುಗ್ಗುತ್ತದೆ. ಆದರೆ ಹಾಕಿಕೊಟ್ಟವರು 25 ವರ್ಷ ಅಂಗಡಿ ತೆರೆದಿರುತ್ತಾರಾ? ಅದನ್ನು ಯಾರೂ ಬರೆದುಕೊಡುವುದಿಲ್ಲ. ಜೊತೆಗೆ, ಸಾಮಾನ್ಯವಾಗಿ ಮೊದಲು ಕೈಕೊಡುವುದು ಪ್ಯಾನೆಲ್ ಅಲ್ಲ, ಅದರ ವಿದ್ಯುತ್ತನ್ನು ಮನೆಯಲ್ಲಿ ಬಳಸುವಂತೆ ಬದಲಿಸುವ ಇನ್ವರ್ಟರ್. ಹತ್ತು ಹದಿನೈದು ವರ್ಷಕ್ಕೆ ಒಮ್ಮೆ ಅದನ್ನು ಬದಲಾಯಿಸಬೇಕಾಗಬಹುದು ಅಂತ ಮೊದಲೇ ಹೇಳಿಬಿಟ್ಟರೆ ಜನ ಬೇಜಾರು ಮಾಡಿಕೊಳ್ಳುವುದಿಲ್ಲ. ಮುಚ್ಚಿಟ್ಟರೆ ನಂಬಿಕೆಯೇ ಹೋಗುತ್ತದೆ.

ಇದು ನನ್ನ ಸ್ವಂತ ಅನುಭವ ಕೂಡ. ಪ್ಯಾನೆಲ್ ಹಾಕಿಸಿದ ಮೊದಲ ತಿಂಗಳಲ್ಲೇ ಒಂದು ಮಧ್ಯಾಹ್ನ ಬೀದಿಯಲ್ಲೆಲ್ಲ ಕರೆಂಟ್ ಹೋಯಿತು. ಸುಡುಬಿಸಿಲು, ಆದರೆ ನಮ್ಮ ಮನೆಯ ಫ್ಯಾನ್ ಕೂಡ ನಿಂತಿತು. ಬ್ಯಾಟರಿ ಇಲ್ಲದೆ ಗ್ರಿಡ್‌ಗೆ, ಅಂದರೆ ಹೊರಗಿನ ಕರೆಂಟ್ ಜಾಲಕ್ಕೆ, ಜೋಡಿಸಿದ ವ್ಯವಸ್ಥೆ ಹಾಗೇ ಕೆಲಸ ಮಾಡುವುದು. ಹೊರಗಿನ ಕರೆಂಟ್ ನಿಂತ ಕೂಡಲೇ ಇನ್ವರ್ಟರ್ ತಾನೂ ನಿಲ್ಲಬೇಕು, ಇಲ್ಲದಿದ್ದರೆ ಕಂಬ ಹತ್ತಿ ರಿಪೇರಿ ಮಾಡುವವರಿಗೆ ನಮ್ಮ ಮನೆಯಿಂದ ಹೋದ ವಿದ್ಯುತ್ ಹೊಡೆಯಬಹುದು. ನಿಯಮ ಸರಿಯಾಗಿಯೇ ಇದೆ. ಆದರೆ ಹಾಕಿಕೊಟ್ಟವರು ಈ ಮಾತನ್ನು ಹೇಳಿಯೇ ಇರಲಿಲ್ಲ. ಅವತ್ತು ನಮ್ಮ ಮನೆಯಲ್ಲಿದ್ದ ನೆಂಟರು "ಇದು ಬರೀ ಮೋಸ" ಅಂತ ತೀರ್ಮಾನಿಸಿ ಹೊರಟರು. ಆಮೇಲೆ ಎಷ್ಟು ವಿವರಿಸಿದರೂ ಅವರ ಮನಸ್ಸು ಬದಲಾಗಲಿಲ್ಲ. ಹೀಗೆ ಹೇಳದೇ ಬಿಟ್ಟ ಒಂದು ಮಾತು ಎಷ್ಟೋ ಮನೆಗಳ ಬಾಗಿಲು ಮುಚ್ಚುತ್ತದೆ ಅಂತ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

"ಇನ್ನೂ ಒಳ್ಳೆಯ ಪ್ಯಾನೆಲ್ ಬರಲಿ, ಆಮೇಲೆ ನೋಡೋಣ" ಅನ್ನುವವರೂ ಇದ್ದಾರೆ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾ ಸಂಸ್ಥೆಯವರು ತೋರಿಸಿದ ಸಿಲಿಕಾನ್ ಸೆಲ್ (ಇಂಥ ಸೆಲ್‌ಗಳನ್ನು ಜೋಡಿಸಿಯೇ ಪ್ಯಾನೆಲ್ ಮಾಡುವುದು), ಬಿದ್ದ ಬಿಸಿಲಿನಲ್ಲಿ ಸುಮಾರು 6 ಶೇಕಡಾವನ್ನು ಮಾತ್ರ ವಿದ್ಯುತ್ತಾಗಿ ಬದಲಿಸುತ್ತಿತ್ತು. ಈಗ ಮನೆಗೆ ಹಾಕುವ ಒಳ್ಳೆಯ ಪ್ಯಾನೆಲ್‌ಗಳು 20 ಶೇಕಡಾ ದಾಟಿವೆ. ಬರೀ ಸಿಲಿಕಾನ್‌ನಿಂದ ಮಾಡಿದ ಸೆಲ್ ಎಷ್ಟೇ ಚೆನ್ನಾಗಿದ್ದರೂ 29 ಶೇಕಡಾದ ಆಸುಪಾಸಿನಲ್ಲೇ ನಿಲ್ಲುತ್ತದೆ, ಅಂದರೆ ಇನ್ನು ಹೆಚ್ಚಲು ಜಾಗ ಸ್ವಲ್ಪವೇ ಉಳಿದಿದೆ. ಪ್ಯಾನೆಲ್‌ಗಳ ಬೆಲೆಯೂ ಆಗಲೇ ತುಂಬ ಇಳಿದಿದೆ. ಉಳಿದ ಖರ್ಚು ಸ್ಟ್ಯಾಂಡು, ವೈರಿಂಗು, ಕೂಲಿಯದು. ಕಾಯುತ್ತಾ ಕೂತರೆ ಅವೇನೂ ಅಷ್ಟು ಅಗ್ಗ ಆಗುವುದಿಲ್ಲ, ಅಲ್ವಾ? ಹಾಗಾಗಿ ಕಾಯುವುದರಲ್ಲಿ ನನಗೆ ಹೆಚ್ಚು ಅರ್ಥ ಕಾಣುವುದಿಲ್ಲ.

ಬಾಡಿಗೆ ಮನೆಯವರ, ಫ್ಲ್ಯಾಟ್‌ನವರ ಕಥೆ ಬೇರೆ. ಅವರಿಗೆ ಮನಸ್ಸಿದ್ದರೂ ತಾರಸಿ ಅವರದಲ್ಲ. ಅದನ್ನು ಹಿಂಜರಿಕೆ ಅಂತ ಲೆಕ್ಕ ಹಾಕುವುದು ತಪ್ಪು.

ಇನ್ನು ಮನಸ್ಸು ಬದಲಾಗುವುದು ಹೇಗೆ? ನಾನು ಕಂಡಂತೆ, ಪಕ್ಕದ ಮನೆಯಿಂದ. ಕ್ಯಾಲಿಫೋರ್ನಿಯಾದ ಮನೆಗಳ ಬಗ್ಗೆ ಬೋಲಿಂಜರ್ ಮತ್ತು ಗಿಲ್ಲಿಂಗ್‌ಹ್ಯಾಮ್ ಎಂಬ ಇಬ್ಬರು ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು. ಒಂದು ಪ್ರದೇಶದಲ್ಲಿ ಈಗಾಗಲೇ ಹೆಚ್ಚು ಮನೆಗಳಿಗೆ ಸೋಲಾರ್ ಬಂದಿದ್ದರೆ, ಅಲ್ಲಿ ಇನ್ನೊಬ್ಬರು ಹಾಕಿಸುವ ಸಾಧ್ಯತೆಯೂ ಹೆಚ್ಚುತ್ತಿತ್ತು. ನಮ್ಮ ಸಾಲಿನಲ್ಲಿ ನಮ್ಮದನ್ನು ಬಿಟ್ಟು ಈಗ ನಾಲ್ಕು ಮನೆಗಳಿಗೆ ಸೋಲಾರ್ ಬಂದಿದೆ. ಆ ನಾಲ್ಕೂ ಮನೆಯವರು ನಮ್ಮ ಕರೆಂಟ್ ಬಿಲ್ಲನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಹಾಕಿಸಿದ್ದು.

ನಿಮ್ಮ ಮನೆಯಲ್ಲೂ ಯಾರಾದರೂ ಹಿಂಜರಿಯುತ್ತಿದ್ದರೆ, ಹಾಕಿಸಿ ಮೂರು ವರ್ಷವಾದರೂ ಆದ ಮನೆಯೊಂದಕ್ಕೆ ಅವರನ್ನು ಕರೆದುಕೊಂಡು ಹೋಗಿ. ಬೇಸಿಗೆಯ ಬಿಲ್ಲು, ಮೋಡ ಮುಚ್ಚಿದ ತಿಂಗಳ ಬಿಲ್ಲು ಎರಡನ್ನೂ ತೋರಿಸಲು ಕೇಳಿ. ಕೆಟ್ಟಾಗ ಫೋನ್ ಮಾಡಿದರೆ ಎಷ್ಟು ದಿನಕ್ಕೆ ಬಂದರು ಅಂತಲೂ ಮರೆಯದೆ ಕೇಳಿ.