ನೆರೆ ಬಂದ ಮೇಲೆ ಸಿಗುವ ದುಡ್ಡು, ಬರುವ ಮೊದಲು ಯಾಕೆ ಸಿಗುವುದಿಲ್ಲ?

ಆದ ಅನಾಹುತ ಕಣ್ಣಿಗೆ ಕಾಣುತ್ತದೆ, ತಪ್ಪಿದ ಅನಾಹುತ ಕಾಣುವುದಿಲ್ಲ. ಮತ ಬೀಳುವುದು ಕಂಡದ್ದಕ್ಕೆ, ಅದಕ್ಕೇ. ಒಂದು ಸಂಗತಿ ಎಷ್ಟು ಸಲ ನಡೆಯಬಹುದು ಎಂದು ಅಂದಾಜು ಮಾಡುವಾಗ ಮನಸ್ಸು ಲೆಕ್ಕ ಹಾಕುವುದಿಲ್ಲ. ಅಂಥ ಉದಾಹರಣೆ ಎಷ್ಟು ಬೇಗ ನೆನಪಿಗೆ ಬರುತ್ತದೆ ಎಂದಷ್ಟೇ ನೋಡುತ್ತದೆ. ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1973ರಲ್ಲೇ ಇದನ್ನು ತೋರಿಸಿದ್ದರು. ತಡೆದ ನೆರೆಗೆ ನೆನಪೇ ಇರುವುದಿಲ್ಲವಲ್ಲ.

ಅಮೆರಿಕದ ಚುನಾವಣೆಗಳ ಬಗ್ಗೆ ಹೀಲಿ ಮತ್ತು ಮಲ್ಹೋತ್ರಾ 2009ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ವಿಕೋಪದ ನಂತರ ಪರಿಹಾರ ಕೊಟ್ಟರೆ ಅಧ್ಯಕ್ಷರ ಪಕ್ಷಕ್ಕೆ ಮತ ಹೆಚ್ಚುತ್ತದೆ; ಮುನ್ನೆಚ್ಚರಿಕೆಗೆ ಖರ್ಚು ಮಾಡಿದರೆ ಹೆಚ್ಚುವುದಿಲ್ಲ. ಅದೇ ಅಧ್ಯಯನದ ಅಂದಾಜಿನಂತೆ ಮುನ್ನೆಚ್ಚರಿಕೆಯ 1 ಡಾಲರ್ ಮುಂದಿನ ಸುಮಾರು 15 ಡಾಲರ್ ಹಾನಿ ತಪ್ಪಿಸುತ್ತದೆ. ಈ ಅಂಕಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬೆಂಗಳೂರಲ್ಲೂ ಕಂಡದ್ದು ಇದೇ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಮೇಲೆ ರಾಜಕಾಲುವೆ ಒತ್ತುವರಿ ತೆರವಿಗೆ ಜೆಸಿಬಿಗಳು ಇಳಿದವು. ಹೂಳು ತೆಗೆಯಬೇಕಾದದ್ದು ಬೇಸಿಗೆಯಲ್ಲಿ, ಕಾಲುವೆ ಒಣಗಿದ್ದಾಗ. ಆಗ ಆ ಬೇಡಿಕೆ ಹಿಡಿದು ಶಾಸಕರ ಮನೆ ಬಾಗಿಲಿಗೆ ಹೋಗುವವರು ತೀರಾ ಕಡಿಮೆ.